ರಜೆಗೆ ದೊಡ್ಡ ನಗರವೋ, ಸಾಹಸದ ಊರೋ? ಪದೇ ಪದೇ ಕೇಳುವ ಪ್ರಶ್ನೆಗಳು

ರಜೆ ಮಂಜೂರಾಗಿದೆ, ದಿನಾಂಕ ಗೊತ್ತಾಗಿದೆ, ಎಲ್ಲಿಗೆ ಅನ್ನುವುದು ಮಾತ್ರ ಬಗೆಹರಿದಿಲ್ಲ. ಒಬ್ಬರಿಗೆ ಮ್ಯೂಸಿಯಂ, ಮೆಟ್ರೊ, ರಾತ್ರಿಯ ದೀಪಗಳು ಬೇಕು. ಇನ್ನೊಬ್ಬರಿಗೆ ನದಿಗೆ ಇಳಿಯಬೇಕು, ಬೆಟ್ಟದಿಂದ ಹಾರಬೇಕು. ಪರಿಚಯದವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಉತ್ತರಗಳಲ್ಲಿ ಕೆಲವು ನಾನೇ ದಿನ, ದುಡ್ಡು ಎರಡನ್ನೂ ಕಳೆದುಕೊಂಡು ಕಲಿತವು.

ಸಾಹಸದ ಊರು ಅಂದರೆ ಯಾವುದು?

ಸುತ್ತಲಿನ ಬೆಟ್ಟ, ನದಿ, ಕಣಿವೆಯನ್ನೇ ನಂಬಿ ಬದುಕುವ ಊರು, ಹೆಚ್ಚಾಗಿ ಸಣ್ಣದು. ನ್ಯೂಜಿಲೆಂಡ್‌ನ ಕ್ವೀನ್ಸ್‌ಟೌನ್, ಸ್ವಿಟ್ಜರ್ಲೆಂಡ್‌ನ ಇಂಟರ್ಲಾಕೆನ್, ಫ್ರಾನ್ಸ್‌ನ ಶಮೊನಿ, ನೇಪಾಳದ ಪೋಖರಾ, ಗಂಗೆಯ ದಡದ ಋಷಿಕೇಶ, ನಾರ್ವೆಯ ವಾಸ್, ಅಮೆರಿಕದ ಮೋಯಾಬ್ ಎಲ್ಲವೂ ಈ ಜಾತಿಯವು. ಮುಖ್ಯ ಬೀದಿಯಲ್ಲಿ ಹತ್ತು ಹೆಜ್ಜೆಗೊಂದು ಬುಕಿಂಗ್ ಕೌಂಟರ್ ಇದ್ದು, ಬಾಲ್ಕನಿಗಳಲ್ಲಿ ಒದ್ದೆ ಬೂಟು ಒಣಗುತ್ತಿದ್ದರೆ ನೀವು ಸರಿಯಾದ ಊರಿಗೇ ಬಂದಿದ್ದೀರಿ ಅಂತ ತಿಳಿಯಿರಿ.

ಇಂಥ ಬಹುತೇಕ ಊರುಗಳನ್ನು ಅರ್ಧ ದಿನದಲ್ಲಿ ನಡೆದು ಮುಗಿಸಬಹುದು. ನೋಡುವಂಥದ್ದು, ಮಾಡುವಂಥದ್ದು ಎಲ್ಲ ಇರುವುದು ಊರಾಚೆ. ಈ ಒಂದು ವಿಷಯ ಮೊದಲೇ ತಲೆಯಲ್ಲಿದ್ದರೆ ಮುಂದಿನ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಒಂದೇ ಒಂದು ಪ್ರಶ್ನೆ ಕೇಳಿಕೊಂಡು ತೀರ್ಮಾನ ಮಾಡುವುದಾದರೆ?

"ಮಳೆ ಬಂದ ದಿನ ನಾನು ಏನು ಮಾಡುತ್ತೇನೆ?"

"ನಿಮಗೆ ಬೆಟ್ಟ ಇಷ್ಟವೋ ಪೇಟೆ ಇಷ್ಟವೋ" ಅಂತ ಕೇಳಿದರೆ ಎಲ್ಲರೂ ಎರಡೂ ಅನ್ನುತ್ತಾರೆ. ಅದರಿಂದ ಏನೂ ಇತ್ಯರ್ಥ ಆಗುವುದಿಲ್ಲ. ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ. ನಗರದಲ್ಲಿ ನಿಮ್ಮ ದಿನ ನಿಮ್ಮ ಕೈಯಲ್ಲಿರುತ್ತದೆ. ಮಳೆ ಬಂತಾ, ಸೂರಿನ ಕೆಳಗೆ ನೋಡಲು ನೂರು ಜಾಗ ಇವೆ. ಸಾಹಸದ ಊರಿನಲ್ಲಿ ದಿನ ಇರುವುದು ಗಾಳಿ, ಮೋಡ, ನೀರಿನ ಮಟ್ಟದ ಕೈಯಲ್ಲಿ.

ಒಮ್ಮೆ, ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಬೆಟ್ಟದಿಂದ ಹಾರುವ ಪ್ಯಾರಾಗ್ಲೈಡಿಂಗ್‌ಗೆಂದೇ ಒಂದು ಬೆಟ್ಟದೂರಿಗೆ ಹೋಗಿದ್ದೆ. ಉಳಿದದ್ದು ಎರಡೇ ರಾತ್ರಿ. ಬೆಳಿಗ್ಗೆ ನೋಡಿದರೆ ಆಕಾಶ ತೊಳೆದಿಟ್ಟ ಹಾಗಿತ್ತು, ಒಂದು ಚೂರು ಮೋಡವಿಲ್ಲ. ಜೀಪಿನಲ್ಲಿ ಮೇಲೆ ಹತ್ತಿ, ಹಾರ್ನೆಸ್ ಕಟ್ಟಿಕೊಂಡು ನಿಂತೆವು. ಪೈಲಟ್ ಬಗ್ಗಿ ಒಂದು ಹಿಡಿ ಒಣ ಹುಲ್ಲು ಕಿತ್ತ. ಎದೆಯ ಎತ್ತರದಲ್ಲಿ ಕೈ ಬಿಚ್ಚಿದ. ಹುಲ್ಲು ಕಣಿವೆಯ ಕಡೆಗೆ ಹಾರಿಹೋಯಿತು. ಅಂದರೆ ಗಾಳಿ ನಮ್ಮ ಬೆನ್ನ ಹಿಂದಿನಿಂದ ಬರುತ್ತಿದೆ. ರೆಕ್ಕೆ ತುಂಬಿ ಮೇಲೇಳಬೇಕಾದರೆ ಗಾಳಿ ಎದುರಿನಿಂದ ಬರಬೇಕು. ಅವನು ಮೂರು ಸಲ ಹುಲ್ಲು ಬಿಟ್ಟು ನೋಡಿದ. ಮೂರು ಸಲವೂ ಅದೇ ಕಥೆ. ಎರಡು ಗಂಟೆ ಕೂತು, ಹಾರ್ನೆಸ್ ಬಿಚ್ಚಿ, ಅದೇ ಜೀಪಿನಲ್ಲಿ ಇಳಿದೆವು. ಮಾರನೆಯ ದಿನ ಬಸ್ಸು ಹತ್ತುವಾಗ ತಲೆ ಎತ್ತಿ ನೋಡಿದರೆ ಆಕಾಶದ ತುಂಬ ಬಣ್ಣಬಣ್ಣದ ರೆಕ್ಕೆಗಳು!

ಗಾಳಿ ಬಂದಾಗ ತೂರಿಕೋ ಅನ್ನುವುದು ಕಣದ ಮಾತು. ಅಲ್ಲಿ ನಮಗೆ ಬೇಕಾಗಿದ್ದು ಇನ್ನೊಂದು ದಿನ, ಅಷ್ಟೇ. ಅದು ನಮ್ಮ ಹತ್ತಿರ ಇರಲಿಲ್ಲ.

ಹಾಗಾಗಿ ಮಳೆ ದಿನದಲ್ಲಿ ಕಿಟಕಿ ಪಕ್ಕ ಪುಸ್ತಕ ಹಿಡಿದು ಕೂತರೂ ಖುಷಿ ಅನ್ನುವವರು ಸಾಹಸದ ಊರಿಗೆ ಧೈರ್ಯವಾಗಿ ಹೋಗಬಹುದು. "ಅಯ್ಯೋ, ಇಷ್ಟು ದೂರ ಬಂದು ಒಂದು ದಿನ ದಂಡವಾಯಿತಲ್ಲ" ಅಂತ ಹೊಟ್ಟೆ ಉರಿಸಿಕೊಳ್ಳುವವರಿಗೆ ನಗರವೇ ವಾಸಿ.

ನನಗೆ ಸಿಗುವುದು ನಾಲ್ಕೇ ದಿನ. ಯಾವುದಕ್ಕೆ ಹೋಗಲಿ?

ನಗರಕ್ಕೆ.

ಸಾಹಸದ ಊರುಗಳಿಗೆ ಬಹಳ ಸಲ ನೇರ ವಿಮಾನ ಇರುವುದಿಲ್ಲ. ದೊಡ್ಡ ಊರಿನಲ್ಲಿ ಇಳಿದು ಅಲ್ಲಿಂದ ಮತ್ತೆ ಹೊರಡಬೇಕು. ಜಿನೀವಾದಿಂದ ಶಮೊನಿಗೆ ರಸ್ತೆಯಲ್ಲಿ ಒಂದೂಕಾಲು ಗಂಟೆ, ಕೆನಡಾದ ಕ್ಯಾಲ್ಗರಿಯಿಂದ ಬ್ಯಾನ್ಫ್‌ಗೆ ಒಂದೂವರೆ ಗಂಟೆ. ಇವು ಸುಲಭದ ಉದಾಹರಣೆಗಳು. ಕಠ್ಮಂಡುವಿನಿಂದ ಪೋಖರಾಕ್ಕೆ ದೂರ 200 ಕಿಲೋಮೀಟರ್ ಅಷ್ಟೇ, ಆದರೆ ಬಸ್ಸಿನಲ್ಲಿ ಏಳೆಂಟು ಗಂಟೆ, ಕೆಲವು ಸಲ ಇನ್ನೂ ಜಾಸ್ತಿ. ಮ್ಯಾಪಿನಲ್ಲಿ ಕಿಲೋಮೀಟರ್ ನೋಡಬೇಡಿ, ಗಂಟೆ ನೋಡಿ.

ಹೋಗಲು ಅರ್ಧ ದಿನ, ಬರಲು ಅರ್ಧ ದಿನ. ಉಳಿದ ಮೂರರಲ್ಲಿ ಒಂದನ್ನು ಮಳೆ ತಿಂದರೆ? ಸಾಹಸದ ಊರಿಗೆ ಹೋಗುವುದಾದರೆ ಅಲ್ಲೇ ಕನಿಷ್ಠ ನಾಲ್ಕು ರಾತ್ರಿ ಇಡಿ. ಅದರಲ್ಲಿ ಒಂದು ದಿನಕ್ಕೆ ಏನೂ ಬುಕ್ ಮಾಡಬೇಡಿ. ಆ ಖಾಲಿ ದಿನ ಸೋಮಾರಿತನವಲ್ಲ, ಗಾಳಿ ಕೈಕೊಟ್ಟಾಗ ನಿಮ್ಮ ಹಾರಾಟವನ್ನು ಮುಂದೂಡಲು ಇಟ್ಟುಕೊಂಡ ಜಾಗ.

ಯಾವುದು ದುಬಾರಿ?

ಎಲ್ಲರೂ ನಗರ ಅನ್ನುತ್ತಾರೆ. ರೂಮಿನ ಬಾಡಿಗೆ ಮಟ್ಟಿಗೆ ಅದು ನಿಜ ಇರಬಹುದು. ಒಟ್ಟು ಲೆಕ್ಕ ಹಾಕಿದರೆ ಯಾವಾಗಲೂ ಹಾಗಲ್ಲ.

ನಗರದಲ್ಲಿ ಬಿಟ್ಟಿ ಸಿಗುವುದು ತುಂಬ. ಲಂಡನ್‌ನ ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ ಎರಡಕ್ಕೂ ಪ್ರವೇಶ ಉಚಿತ, ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್. ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂಗಳೂ ಉಚಿತ. ನ್ಯೂಯಾರ್ಕ್‌ನಲ್ಲಿ ಸ್ಟ್ಯಾಟನ್ ಐಲೆಂಡ್ ಫೆರಿ ಹತ್ತಿದರೆ ಒಂದು ಪೈಸೆ ಕೊಡದೆ ಸ್ವಾತಂತ್ರ್ಯ ದೇವತೆಯ ಪ್ರತಿಮೆಯನ್ನು ದೂರದಿಂದ ನೋಡಿಕೊಂಡು ಬರಬಹುದು. ಸುಮ್ನೆ ಬೀದಿ ಸುತ್ತಿದರೂ ಒಂದು ದಿನ ಕಳೆಯುತ್ತದೆ.

ಸಾಹಸದ ಊರಿನಲ್ಲಿ ರೂಮು ಸೋವಿ ಸಿಗಬಹುದು. ಆದರೆ ಊರು ಬಿಟ್ಟು ಒಂದು ಹೆಜ್ಜೆ ಇಟ್ಟರೆ ಟಿಕೆಟ್. ಅದೂ ತಲೆಗೊಂದು. ನಾಲ್ಕು ಜನರ ಕುಟುಂಬ ಅಂದರೆ ಪ್ರತಿಯೊಂದನ್ನೂ ನಾಲ್ಕರಿಂದ ಗುಣಿಸಿ. ಮೇಲೆ ಫೋಟೊ, ವಿಡಿಯೊ ಬೇರೆ. ಹಾರಿ ಇಳಿದ ಮೇಲೆ ಕಾಲು ಇನ್ನೂ ನಡುಗುತ್ತಿರುವಾಗ ಕೌಂಟರಿನ ಪರದೆಯಲ್ಲಿ ನಿಮ್ಮದೇ ಮುಖ ತೋರಿಸಿ "ವಿಡಿಯೊ ಬೇಕಾ?" ಅಂತ ಕೇಳುತ್ತಾರೆ. ಆ ಹೊತ್ತಿನಲ್ಲಿ ಬೇಡ ಅನ್ನುವವರು ಕಡಿಮೆ. ಬಜೆಟ್ ಹಾಕುವಾಗಲೇ ಅದನ್ನೂ ಸೇರಿಸಿಕೊಳ್ಳಿ.

ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಅಂದರೆ ಇಲ್ಲಿ ಎರಡು ದೊಡ್ಡ ಸಾಹಸ ಆರಿಸಿಕೊಂಡು, ಉಳಿದ ದಿನ ಕಾಲ್ದಾರಿ ಹಿಡಿಯುವುದು. ನಡೆಯಲು ಟಿಕೆಟ್ ಇರುವುದು ಅಪರೂಪ.

ನನಗೆ ಎತ್ತರ ಅಂದರೆ ಭಯ. ಸಾಹಸದ ಊರಿಗೆ ಹೋಗಿ ಏನು ಮಾಡಲಿ?

ಭಯದಲ್ಲಿ ಎರಡು ಬಗೆ ಇದೆ. ಎತ್ತರದ ಭಯ ಒಂದು, ತಾನೇ ಹೆಜ್ಜೆ ಎತ್ತಿ ಇಡಬೇಕಲ್ಲ ಅನ್ನುವ ಭಯ ಇನ್ನೊಂದು. ನನಗಿರುವುದು ಎರಡನೆಯದು ಅಂತ, ಕಾಲಿಗೆ ಹಿಗ್ಗುವ ಹಗ್ಗ ಕಟ್ಟಿಕೊಂಡು ಹಾರುವ ಬಂಜಿಯ ಕಟ್ಟೆ ಮೇಲೆ ನಿಂತಾಗಲೇ ಗೊತ್ತಾಗಿದ್ದು.

ಮೊದಲು ತೂಕ ನೋಡಿದರು. ಆ ಸಂಖ್ಯೆಯನ್ನು ಮಾರ್ಕರ್ ಪೆನ್ನಿನಲ್ಲಿ ಕೈಮೇಲೆ ಬರೆದರು, ಯಾವ ಹಗ್ಗ ಅನ್ನುವುದು ಅದರ ಮೇಲೆ ತೀರ್ಮಾನ. ಕಾಲಿಗೆ ಟವೆಲ್ ಸುತ್ತಿ ಅದರ ಮೇಲೆ ಪಟ್ಟಿ ಬಿಗಿದರು. ಆಮೇಲೆ ಪುಟ್ಟ ಮಗುವಿನ ಹಾಗೆ ಕುಪ್ಪಳಿಸುತ್ತಾ ಅಂಚಿಗೆ ಹೋಗಬೇಕು. ಅಲ್ಲಿ ಯಾರೂ ತಳ್ಳುವುದಿಲ್ಲ. ಎಣಿಸುತ್ತಾರೆ, ಅಷ್ಟೇ. ನಾನು ಮೊದಲ ಸಲ ಹಾರಲಿಲ್ಲ. ಎರಡನೆಯ ಸಲವೂ ಹಾರಲಿಲ್ಲ. ಹಿಂದೆ ಸಾಲಿನಲ್ಲಿದ್ದ ಹುಡುಗಿ "ಪರವಾಗಿಲ್ಲ, ನಿಧಾನ" ಅಂದಿದ್ದು ಇವತ್ತಿಗೂ ನಾಚಿಕೆ ತರಿಸುತ್ತದೆ. ಮೂರನೆಯ ಸಲ ಕಣ್ಣು ಮುಚ್ಚಿ ಬಿದ್ದೆ. ಅದನ್ನು ಹಾರಿದೆ ಅನ್ನಲು ಆಗುವುದಿಲ್ಲ.

ಅದೇ ನಾನು ಟ್ಯಾಂಡಮ್, ಅಂದರೆ ಜೋಡಿ ಪ್ಯಾರಾಗ್ಲೈಡಿಂಗ್‌ನಲ್ಲಿ ಆರಾಮಾಗಿದ್ದೆ. ಅಲ್ಲಿ ಪೈಲಟ್ ಬೆನ್ನಿಗಿರುತ್ತಾನೆ. ನಾವು ಮಾಡಬೇಕಾದ್ದು ಇಳಿಜಾರಿನಲ್ಲಿ ಕೆಲವು ಹೆಜ್ಜೆ ಓಡುವುದು, ಮಧ್ಯದಲ್ಲಿ ಕೂತುಬಿಡಬಾರದು. ಟ್ಯಾಂಡಮ್ ಸ್ಕೈಡೈವಿಂಗ್‌ನಲ್ಲೂ ವಿಮಾನದಿಂದ ಹೊರಗೆ ಹೋಗುವ ತೀರ್ಮಾನ ನಿಮ್ಮದಲ್ಲ, ನಿಮ್ಮನ್ನು ಕಟ್ಟಿಕೊಂಡ ತರಬೇತುದಾರನದು. ಹೆಜ್ಜೆ ಇಡುವ ಭಯ ಇರುವವರು ಇಂಥದ್ದನ್ನು ಆರಿಸಿಕೊಳ್ಳಿ. ಎತ್ತರವೇ ಆಗುವುದಿಲ್ಲ ಅನ್ನುವವರಿಗೆ ನದಿ ಇದೆ, ಸೈಕಲ್ ದಾರಿ ಇದೆ, ಸರೋವರ ಇದೆ.

ಅಂದಹಾಗೆ, ದುಡ್ಡು ಕೊಟ್ಟು ಬಂಜಿ ಹಾರುವ ಮೊದಲ ಕಾಯಂ ಜಾಗ ಶುರುವಾಗಿದ್ದು 1988ರಲ್ಲಿ, ಕ್ವೀನ್ಸ್‌ಟೌನ್ ಬಳಿಯ ಕವಾರೌ ಸೇತುವೆಯಲ್ಲಿ. ಎತ್ತರ 43 ಮೀಟರ್. ಅದೇ ಊರಿನ ಹತ್ತಿರ ನೆವಿಸ್ ಕಣಿವೆಯಲ್ಲಿ 134 ಮೀಟರಿನದೂ ಇದೆ. ಜಾಂಬಿಯಾ, ಜಿಂಬಾಬ್ವೆ ನಡುವಿನ ವಿಕ್ಟೋರಿಯಾ ಜಲಪಾತದ ಸೇತುವೆಯದು 111 ಮೀಟರ್. ನನ್ನ ಕೇಳಿದರೆ 43 ಸಾಕು.

ಸಾಹಸದ ಊರಿಗೆ ಹೋಗಲು ಫಿಟ್ ಆಗಿರಬೇಕಲ್ವಾ?

ಅಷ್ಟೇನೂ ಬೇಡ. ಬಹಳ ಮಂದಿ ಇದನ್ನು ತಲೆಕೆಳಗಾಗಿ ತಿಳಿದುಕೊಂಡಿದ್ದಾರೆ. ಕಾಲು ಹೆಚ್ಚು ನೋಯುವುದು ನಗರದಲ್ಲಿ. ದೊಡ್ಡ ಮ್ಯೂಸಿಯಂ ಒಂದನ್ನು ಸುತ್ತಿ, ಮೆಟ್ರೊ ಬದಲಿಸಿ, ಸಂಜೆ ನದಿ ದಡದಲ್ಲಿ ಓಡಾಡಿ ರೂಮಿಗೆ ಬಂದು ಫೋನ್ ನೋಡಿದರೆ ಇಪ್ಪತ್ತು ಸಾವಿರ ಹೆಜ್ಜೆ ತೋರಿಸುತ್ತಿರುತ್ತದೆ. ಅದೂ ಗಟ್ಟಿ ನೆಲದ ಮೇಲೆ.

ಶಮೊನಿಯಲ್ಲಿ ಊರು ಇರುವುದು 1035 ಮೀಟರ್ ಎತ್ತರದಲ್ಲಿ. ಕೇಬಲ್ ಕಾರ್ ಹತ್ತಿದರೆ ಸುಮಾರು ಇಪ್ಪತ್ತು ನಿಮಿಷದಲ್ಲಿ ಎಗ್ಯುಯಿ ದು ಮಿದಿ ಶಿಖರ ತಲುಪುತ್ತೀರಿ, ಅದು 3842 ಮೀಟರ್. ಎದುರಿಗೆ ಆಲ್ಪ್ಸ್‌ನ ಅತಿ ಎತ್ತರದ ಶಿಖರ ಮಾಂಟ್ ಬ್ಲಾಂಕ್. ನೀವು ಮಾಡಿದ ಕಸರತ್ತು ಸಾಲಿನಲ್ಲಿ ನಿಂತಿದ್ದು ಮಾತ್ರ. ಇಂಟರ್ಲಾಕೆನ್‌ನಿಂದ ರೈಲಿನಲ್ಲೇ 3454 ಮೀಟರಿನ ಯುಂಗ್‌ಫ್ರೌಯೋಕ್‌ಗೆ ಹೋಗಬಹುದು. ಆ ನಿಲ್ದಾಣ ತೆರೆದಿದ್ದು 1912ರಲ್ಲಿ.

ಆದರೆ ದಿಢೀರನೆ ಅಷ್ಟು ಎತ್ತರಕ್ಕೆ ಹೋದಾಗ ತಲೆ ಸುತ್ತುತ್ತದೆ, ಉಸಿರು ಸಾಲುವುದಿಲ್ಲ. ಮೇಲೆ ಹೋದವರು ಫೋಟೊಗಾಗಿ ಮೆಟ್ಟಿಲು ಓಡಬೇಡಿ. ಹೃದಯದ ತೊಂದರೆ ಇದ್ದವರು ಹೊರಡುವ ಮೊದಲು ವೈದ್ಯರನ್ನು ಕೇಳಿಕೊಳ್ಳಿ.

ವಯಸ್ಸಾದ ಅಪ್ಪ ಅಮ್ಮನ ಜೊತೆ ಹೋದರೆ?

ನಗರ ಅಂದರೆ ಸೌಕರ್ಯ ಜಾಸ್ತಿ ಅಂತ ಅಂದುಕೊಳ್ಳುತ್ತೇವೆ. ಆಸ್ಪತ್ರೆ ಹತ್ತಿರ ಇರುತ್ತದೆ ಅನ್ನುವ ಮಟ್ಟಿಗೆ ಸರಿ. ಮಂಡಿ ನೋವಿರುವವರಿಗೆ ಹಳೆಯ ಮೆಟ್ರೊಗಳು ಮಾತ್ರ ಕಷ್ಟ. ಲಂಡನ್ ಅಂಡರ್‌ಗ್ರೌಂಡ್ ಶುರುವಾಗಿದ್ದು 1863ರಲ್ಲಿ. ಅದರ 272 ನಿಲ್ದಾಣಗಳಲ್ಲಿ ಮೂರನೇ ಒಂದರಷ್ಟಕ್ಕೆ ಮಾತ್ರ ಮೆಟ್ಟಿಲಿಲ್ಲದ ದಾರಿ ಇದೆ. ಪ್ಯಾರಿಸ್ ಮೆಟ್ರೊ ಇನ್ನೂ ಕಷ್ಟ. ಅಂಥ ಕಡೆ ಬಸ್ಸಿನಲ್ಲಿ ಓಡಾಡಿ, ಊರೂ ಕಾಣುತ್ತದೆ.

ಸರೋವರದ ದಡದಲ್ಲಿರುವ ಸಾಹಸದ ಊರು ಹಿರಿಯರಿಗೆ ಚೆನ್ನಾಗಿ ಒಗ್ಗುತ್ತದೆ. ಇಂಟರ್ಲಾಕೆನ್ ಇರುವುದೇ ಥುನ್, ಬ್ರಿಯೆನ್ಜ್ ಅನ್ನುವ ಎರಡು ಸರೋವರಗಳ ನಡುವೆ, ಎರಡರಲ್ಲೂ ದೋಣಿ ಓಡುತ್ತವೆ. ಪೋಖರಾದಲ್ಲಿ ಫೇವಾ ಸರೋವರ. ಕ್ವೀನ್ಸ್‌ಟೌನ್‌ನಲ್ಲಿ 1912ರ ಉಗಿಹಡಗು ಅರ್ನ್‌ಸ್ಲಾ ಇದೆ. ನೀವು ಹಾರಲು ಹೋದಾಗ ಅವರು ದಡದಲ್ಲಿ ಕೂತು ನಿಮ್ಮ ರೆಕ್ಕೆ ಯಾವುದು ಅಂತ ಹುಡುಕುತ್ತಿರುತ್ತಾರೆ. ಅವರಿಗೂ ಅದೊಂದು ಆಟ.

ಮಕ್ಕಳಿದ್ದರೆ?

ಎಂಟು ಹತ್ತು ವರ್ಷದೊಳಗಿನವರಾದರೆ ನಗರ. ಸಾಹಸ ಕ್ರೀಡೆಗಳಲ್ಲಿ ವಯಸ್ಸು, ಎತ್ತರ, ತೂಕಕ್ಕೆ ಮಿತಿ ಇರುತ್ತದೆ, ಒಂದೊಂದು ಕಡೆ ಒಂದೊಂದು. ಅಲ್ಲಿಗೆ ಹೋಗಿ "ನೀನು ಎರಡು ಕಿಲೋ ಕಡಿಮೆ" ಅಂತ ಮಗುವಿಗೆ ಹೇಳಿಸಬೇಡಿ. ಅಣ್ಣ ಹಾರಿ, ತಂಗಿ ಕೆಳಗೆ ನಿಂತರಂತೂ ಮುಗಿಯಿತು, ಉಳಿದ ರಜೆಯೆಲ್ಲ ಅದೇ ಜಗಳ. ಬುಕ್ ಮಾಡುವ ಮುಂಚೆ ಅಳತೆ ಟೇಪು, ತೂಕದ ಯಂತ್ರ ಎರಡನ್ನೂ ಹೊರತೆಗೆಯಿರಿ.

ಗುಂಪಿನಲ್ಲಿ ಒಮ್ಮತವೇ ಬರುತ್ತಿಲ್ಲ. ಏನು ಮಾಡುವುದು?

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವುದು ಇಂಥ ವಾಟ್ಸಾಪ್ ಗ್ರೂಪ್ ನೋಡಿಯೇ ಹುಟ್ಟಿದ ಗಾದೆ ಇರಬೇಕು.

ಎರಡೂ ಬಣಕ್ಕೆ ಬೇಕಾದ್ದು ಇರುವ ಊರುಗಳಿವೆ. ಕೇಪ್‌ಟೌನ್ ನಗರದ ನೆತ್ತಿಯ ಮೇಲೇ 1085 ಮೀಟರಿನ ಟೇಬಲ್ ಮೌಂಟನ್ ಇದೆ. ಅಲ್ಲಿನ ಕೇಬಲ್ ಕಾರ್ 1929ರಿಂದ ಓಡುತ್ತಿದೆ, ಗಾಳಿ ಜೋರಾದರೆ ನಿಲ್ಲಿಸುತ್ತಾರೆ. ನೋಡಿ, ನಗರಕ್ಕೆ ಹೋದರೂ ಗಾಳಿ ಬಿಡಲಿಲ್ಲ. ಬ್ರೆಜಿಲ್‌ನ ರಿಯೊದಲ್ಲಿ ಪೆದ್ರಾ ಬೊನಿತಾ ಬೆಟ್ಟದಿಂದ ಹ್ಯಾಂಗ್ ಗ್ಲೈಡರ್‌ನಲ್ಲಿ ಹಾರಿ ಸಮುದ್ರ ದಂಡೆಯಲ್ಲಿ ಇಳಿಯುತ್ತಾರೆ. ಆಸ್ಟ್ರಿಯದ ಇನ್ಸ್‌ಬ್ರುಕ್‌ನಲ್ಲಿ ಪೇಟೆ ಮಧ್ಯದಿಂದಲೇ ಹೊರಟು 2200 ಮೀಟರ್ ದಾಟುತ್ತೀರಿ. 1964 ಮತ್ತು 1976ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು ಅದು. ಕೆನಡಾದ ವ್ಯಾಂಕೂವರ್ ಕೂಡ ಈ ಪಟ್ಟಿಗೆ ಸೇರುತ್ತದೆ.

ಇಂಥ ಊರಿನಲ್ಲಿ ಬೆಳಿಗ್ಗೆ ಗುಂಪು ಎರಡಾಗಿ ಹೋಗಿ, ಸಂಜೆ ಒಂದಾಗಲಿ. ಎಲ್ಲರೂ ಎಲ್ಲದಕ್ಕೂ ಹೋಗಲೇಬೇಕು ಅನ್ನುವ ಹಠದಿಂದಲೇ ಅರ್ಧ ಪ್ರವಾಸಗಳು ಕೆಡುವುದು.

ನಗರದಲ್ಲೇ ಸಾಹಸ ಸಿಗುವುದಿಲ್ವಾ?

ಸಿಗುತ್ತದೆ. ಸಿಡ್ನಿಯ ಹಾರ್ಬರ್ ಸೇತುವೆಯ ಕಮಾನನ್ನು 1998ರಿಂದ ಪ್ರವಾಸಿಗರೂ ಹತ್ತುತ್ತಿದ್ದಾರೆ, ತುದಿ ನೀರಿನಿಂದ 134 ಮೀಟರ್ ಮೇಲೆ. ಟೊರಾಂಟೊದ ಸಿಎನ್ ಟವರ್‌ನಲ್ಲಿ 356 ಮೀಟರ್ ಎತ್ತರದಲ್ಲಿ ಕಟ್ಟಡದ ಹೊರಗಿನ ಅಂಚಿನಲ್ಲಿ, ಹಗ್ಗ ಕಟ್ಟಿಕೊಂಡು, ಕೈಬಿಟ್ಟು ನಡೆಸುತ್ತಾರೆ. 2011ರಲ್ಲಿ ಶುರುವಾಗಿದ್ದು. ವರ್ಷದಲ್ಲಿ ಒಂದು ಸಲ ಮೈ ಜುಮ್ ಅಂದರೆ ಸಾಕು ಅನ್ನುವವರಿಗೆ ಇಷ್ಟು ಧಾರಾಳವಾಯಿತು. ಅದಕ್ಕಾಗಿ ಬೆಟ್ಟದೂರಿಗೆ ಹೋಗಬೇಕಾಗಿಲ್ಲ.

ಯಾವ ತಿಂಗಳು ಒಳ್ಳೆಯದು?

ನಗರಕ್ಕೆ ಹೆಚ್ಚುಕಡಿಮೆ ಯಾವಾಗಲಾದರೂ ಹೋಗಬಹುದು, ಬಟ್ಟೆ ಬದಲಾಗುತ್ತದೆ ಅಷ್ಟೇ. ಸಾಹಸದ ಊರಿಗೆ ತಿಂಗಳು ತಪ್ಪಿದರೆ ಊರೇ ಮುಚ್ಚಿದ ಹಾಗೆ.

ಹಿಮಾಚಲದ ಬೀರ್ ಬಿಲ್ಲಿಂಗ್‌ನಲ್ಲಿ ಮಳೆಗಾಲದಲ್ಲಿ, ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ, ಪ್ಯಾರಾಗ್ಲೈಡಿಂಗ್ ನಿಷೇಧ. ಋಷಿಕೇಶದಲ್ಲೂ ಗಂಗೆ ಉಕ್ಕುವ ಮಳೆಗಾಲದಲ್ಲಿ ರಾಫ್ಟಿಂಗ್ (ರಬ್ಬರ್ ದೋಣಿಯಲ್ಲಿ ರಭಸದ ನದಿ ಇಳಿಯುವುದು) ನಿಲ್ಲುತ್ತದೆ. ವಿಕ್ಟೋರಿಯಾ ಜಲಪಾತದ ಜಾಂಬೆಜಿ ನದಿಯಲ್ಲಿ ನೀರು ಇಳಿದಷ್ಟೂ ರಾಫ್ಟಿಂಗ್ ಚೆನ್ನ, ಆಗಸ್ಟ್‌ನಿಂದ ಡಿಸೆಂಬರ್ ಹೊತ್ತಿಗೆ. ನದಿ ತುಂಬಿ ಹರಿಯುವಾಗ ಜಲಪಾತ ಭರ್ಜರಿ, ರಾಫ್ಟಿಂಗ್ ಬಂದ್. ಎರಡೂ ಒಟ್ಟಿಗೆ ಬೇಕು ಅಂದರೆ ಆಗುವುದಿಲ್ಲ. ಮೋಯಾಬ್‌ನಲ್ಲಿ ಬೇಸಿಗೆ ಮಧ್ಯಾಹ್ನ 38 ಡಿಗ್ರಿ ಸುಲಭವಾಗಿ ದಾಟುತ್ತದೆ, ಸೈಕಲ್ ತುಳಿಯುವ ಮಾತೇ ಇಲ್ಲ. ಇನ್ನು ಕ್ವೀನ್ಸ್‌ಟೌನ್ ದಕ್ಷಿಣ ಗೋಳಾರ್ಧದಲ್ಲಿದೆ. ಸ್ಕೀಯಿಂಗ್ ಬೇಕಾದರೆ ಜೂನ್‌ನಿಂದ ಸೆಪ್ಟೆಂಬರ್ ನೋಡಿ. ಡಿಸೆಂಬರ್‌ನಲ್ಲಿ ಹಿಮ ಹುಡುಕಿಕೊಂಡು ಹೋದವರು ಟೀ ಶರ್ಟ್ ಕೊಂಡುಕೊಂಡು ಬರುತ್ತಾರೆ.

ಒಂದು ಅಪವಾದ ಹೇಳಲೇಬೇಕು. ಬೆಟ್ಟಗಳ ನಡುವೆ ಸಮುದ್ರ ನುಗ್ಗಿರುವ ಮಿಲ್‌ಫರ್ಡ್ ಸೌಂಡ್‌ಗೆ ಕ್ವೀನ್ಸ್‌ಟೌನ್‌ನಿಂದ ರಸ್ತೆಯಲ್ಲಿ ಒಂದು ಕಡೆಗೇ ನಾಲ್ಕು ಗಂಟೆ. ವರ್ಷಕ್ಕೆ ಆರು ಮೀಟರ್‌ಗೂ ಜಾಸ್ತಿ ಮಳೆ ಬೀಳುವ ಜಾಗ. ಅಲ್ಲಿಗೆ ಮಳೆಯಲ್ಲೇ ಹೋಗಬೇಕು. ಬಂಡೆಯ ಮೈಯಿಂದ ಎಲ್ಲೆಂದರಲ್ಲಿ ಜಲಪಾತ ಹುಟ್ಟಿಕೊಂಡಿರುತ್ತವೆ, ಬಿಸಿಲು ಬಂದರೆ ಅವುಗಳಲ್ಲಿ ಬಹಳಷ್ಟು ಮಾಯ.

ಸುರಕ್ಷತೆ ಹೇಗೆ ನೋಡುವುದು?

ಬ್ರೋಷರ್ ನೋಡಬೇಡಿ, ಅದರಲ್ಲಿ ಎಲ್ಲರೂ ನಗುತ್ತಿರುತ್ತಾರೆ. ಹೋಗಿ ಕಣ್ಣಾರೆ ನೋಡಿ. ಲೈಫ್ ಜಾಕೆಟ್ಟಿನ ಬಕಲ್ ಒಂದೇ ಸಲಕ್ಕೆ ಕಟಕ್ ಅಂತ ಕೂರುತ್ತದೆಯೇ? ಹೆಲ್ಮೆಟ್ ತಲೆಗೆ ಸರಿಹೊಂದುವುದನ್ನು ಹುಡುಕಿ ಕೊಡುತ್ತಾರೋ, ಕೈಗೆ ಸಿಕ್ಕಿದ್ದು ಕೊಡುತ್ತಾರೋ? ಗೈಡ್ ಜಾಕೆಟ್ಟಿನ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಬೇಕು. ಜಾಕೆಟ್ ಕಿವಿಯವರೆಗೆ ಬಂದರೆ ಅದು ಸಡಿಲ, ನೀರಿನಲ್ಲಿ ನಿಮ್ಮನ್ನು ಬಿಟ್ಟು ತೇಲುತ್ತದೆ. ನೀರಿಗೆ ಬಿದ್ದರೆ ಕಾಲು ಮುಂದೆ ಮಾಡಿ ಬೆನ್ನ ಮೇಲೆ ತೇಲಿ, ರಭಸದ ನೀರಿನಲ್ಲಿ ಎದ್ದು ನಿಲ್ಲಲು ಹೋಗಬೇಡಿ ಅಂತ ಹೊರಡುವ ಮುಂಚೆ ಹೇಳಿಕೊಡಬೇಕು. ಹೇಳದಿದ್ದರೆ ಅವರ ರಾಫ್ಟ್ ಹತ್ತಬೇಡಿ.

ನದಿಯ ರಭಸವನ್ನು 1ರಿಂದ 6ರವರೆಗೆ ಅಳೆಯುತ್ತಾರೆ. ಹೊಸಬರಿಗೆ 2, 3 ಸಾಕು. 4 ಅಂದರೆ ಬೀಳುವುದಕ್ಕೆ ತಯಾರಾಗಿಯೇ ಹೋಗಬೇಕು. 6 ನಮ್ಮಂಥವರಿಗಲ್ಲ.

"ಇವತ್ತು ಬೇಡ" ಅನ್ನುವ ಪೈಲಟ್ ಮೇಲೆ ಸಿಟ್ಟಾಗಬೇಡಿ. ಬೇಡ ಅನ್ನಲು ಬಾರದವನ ಜೊತೆ ಹಾರುವುದು ಭಯದ ಕೆಲಸ. ನನ್ನ ಹುಲ್ಲು ಕಿತ್ತ ಪೈಲಟ್ ಮೇಲೆ ಆವತ್ತು ಎಷ್ಟು ಸಿಡುಕಿದ್ದೆ ಅಂತ ನೆನೆದರೆ ಈಗ ಕೆಡುಕೆನಿಸುತ್ತದೆ.

ನಗರದ ಅಪಾಯ ಬೇರೆ ಥರದ್ದು, ಜೇಬು ಮತ್ತು ಫೋನಿನ ಮೇಲೆ ಕಣ್ಣಿಟ್ಟರೆ ಮುಕ್ಕಾಲು ಪಾಲು ಮುಗಿಯಿತು.

ಮಾಮೂಲಿ ಟ್ರಾವೆಲ್ ಇನ್ಶೂರೆನ್ಸ್ ಸಾಕಾ?

ನಗರಕ್ಕೆ ಸಾಕು. ಸಾಹಸಕ್ಕೆ ಬಹಳ ಸಲ ಸಾಲದು. ಪಾಲಿಸಿಯಲ್ಲಿ "ಇವಕ್ಕೆ ಅನ್ವಯಿಸುವುದಿಲ್ಲ" ಅನ್ನುವ ಪಟ್ಟಿ ಇರುತ್ತದೆ. ಬಂಜಿ, ಸ್ಕೈಡೈವಿಂಗ್, ಇಷ್ಟು ಮೀಟರ್ ಮೇಲಿನ ಚಾರಣ, ಲೈಸೆನ್ಸ್ ಇಲ್ಲದೆ ಓಡಿಸಿದ ಸ್ಕೂಟರ್ ಎಲ್ಲ ಅಲ್ಲಿ ಅಡಗಿ ಕೂತಿರುತ್ತವೆ. ಮೊದಲು ಆ ಪುಟ ಓದಿ, ಆಮೇಲೆ ಉಳಿದದ್ದು. ನ್ಯೂಜಿಲೆಂಡ್‌ನಲ್ಲಿ ಮಾತ್ರ ಅಪಘಾತದಲ್ಲಿ ಗಾಯಗೊಂಡ ಪ್ರವಾಸಿಗರಿಗೂ ಅಲ್ಲಿನ ಸರ್ಕಾರಿ ಯೋಜನೆಯಿಂದ ಚಿಕಿತ್ಸೆಗೆ ನೆರವು ಸಿಗುತ್ತದೆ. ಕಾಯಿಲೆಗಾಗಲಿ, ಊರಿಗೆ ವಾಪಸ್ ಕರೆತರುವ ಖರ್ಚಿಗಾಗಲಿ ಅದು ಬರುವುದಿಲ್ಲ.

ಎರಡನ್ನೂ ಸೇರಿಸಿಕೊಂಡರೆ ಯಾವುದು ಮೊದಲು?

ಸಾಹಸ ಮೊದಲು, ನಗರ ಕೊನೆಗೆ. ಮಳೆ ಹಿಡಿದರೆ ನಗರದ ಒಂದು ದಿನ ಕಡಿಮೆ ಮಾಡಿ ಬೆಟ್ಟದಲ್ಲೇ ಉಳಿಯಬಹುದು. ಉಲ್ಟಾ ಮಾಡಿದರೆ ವಾಪಸ್ ವಿಮಾನ ನಿಮಗಾಗಿ ಕಾಯುವುದಿಲ್ಲ. ಬೆಟ್ಟದೂರಿನ ರಸ್ತೆ ಭೂಕುಸಿತದಿಂದ ಮುಚ್ಚುವುದು, ಸಣ್ಣ ವಿಮಾನ ಮೋಡಕ್ಕೆ ಹೆದರಿ ನಿಲ್ಲುವುದು ಇವೆಲ್ಲ ಅಲ್ಲಿ ಮಾಮೂಲಿ.

ಸ್ಕೂಬಾ ಡೈವಿಂಗ್ ಇದ್ದರಂತೂ ಈ ಕ್ರಮ ಕಡ್ಡಾಯ. ನೀರಿನಾಳದಲ್ಲಿ ಒತ್ತಡದಿಂದ ನೈಟ್ರೋಜನ್ ಮೈಯೊಳಗೆ ಕರಗಿರುತ್ತದೆ. ಅದು ಪೂರ್ತಿ ಹೊರಹೋಗುವ ಮುಂಚೆ ವಿಮಾನ ಹತ್ತಿದರೆ ಗುಳ್ಳೆಗಳಾಗುತ್ತದೆ, ಅದು ಅಪಾಯ. ಒಂದು ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದ್ದರೆ ಕನಿಷ್ಠ 18 ಗಂಟೆ ನೆಲದ ಮೇಲಿರಬೇಕು. ಆ ಗಂಟೆಗಳನ್ನು ನಗರದಲ್ಲಿ ಕಳೆಯಿರಿ.

ಲೇಹ್ (3500 ಮೀಟರ್), ಪೆರುವಿನ ಕುಸ್ಕೊ (3400 ಮೀಟರ್) ಥರದ ಎತ್ತರದ ಊರಿಗೆ ನೇರ ವಿಮಾನದಲ್ಲಿ ಇಳಿಯುವುದಾದರೆ ಮೊದಲ ಒಂದೆರಡು ದಿನ ಏನೂ ಮಾಡದೆ ಇರಿ. 2500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೆ ಬೇಕಾದರೂ ಬರಬಹುದು, ಜಿಮ್‌ಗೆ ಹೋಗುವವರಿಗೂ.

ಎಷ್ಟು ಮುಂಚೆ ಬುಕ್ ಮಾಡಬೇಕು?

ನಗರದಲ್ಲಿ ಮೊದಲು ವಾರದ ರಜೆ ನೋಡಿ. ಪ್ಯಾರಿಸ್‌ನ ಲೂವ್ರ್ ಮಂಗಳವಾರ ಮುಚ್ಚಿರುತ್ತದೆ, ಅದೇ ಊರಿನ ಓರ್ಸೆ ಮ್ಯೂಸಿಯಂ ಸೋಮವಾರ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ ಬುಧವಾರ. ಇವು ಗೊತ್ತಿಲ್ಲದೆ ಬಾಗಿಲವರೆಗೆ ಹೋಗಿ ಬಂದವರ ಸಂಘ ಕಟ್ಟಿದರೆ ನಾನೇ ಅಧ್ಯಕ್ಷ. ದೊಡ್ಡ ಜಾಗಗಳಿಗೆ ಸಮಯ ಗೊತ್ತು ಮಾಡಿದ ಟಿಕೆಟ್ ಮೊದಲೇ ತೆಗೆದುಕೊಳ್ಳಿ.

ಸಾಹಸದ ಊರಿನಲ್ಲಿ ದೊಡ್ಡದನ್ನು ಮೊದಲ ದಿನಕ್ಕೇ ಹಾಕಿಸಿಕೊಳ್ಳಿ. ಕೈಕೊಟ್ಟರೆ ಎರಡನೆಯ ದಿನ ಇದೆ, ಮೂರನೆಯದಿದೆ. ಹವಾಮಾನದಿಂದ ಅವರೇ ರದ್ದು ಮಾಡಿದರೆ ದುಡ್ಡು ವಾಪಸ್ ಬರುತ್ತದೋ, ಬೇರೆ ದಿನ ಕೊಡುತ್ತಾರೋ ಅಂತ ದುಡ್ಡು ಕಟ್ಟುವ ಮುಂಚೆಯೇ ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ನನ್ನ ಆ ಹಾರದ ಹಾರಾಟಕ್ಕೆ ಮಧ್ಯವರ್ತಿಯೊಬ್ಬರ ಮೂಲಕ ಬುಕ್ ಮಾಡಿದ್ದೆ. ವಾಪಸ್ ಬರಬೇಕಿದ್ದ ದುಡ್ಡಿಗೆ ಎರಡು ತಿಂಗಳು ಮೇಲ್ ಬರೆದೆ. ಕೊನೆಗೆ ಸಿಕ್ಕಿದ್ದು ಅರ್ಧ.

ಒಬ್ಬರೇ ಹೋಗುವುದಾದರೆ?

ಸಾಹಸದ ಊರು. ಇದು ಕೇಳಿ ಅನೇಕರು ಆಶ್ಚರ್ಯಪಡುತ್ತಾರೆ. ನಗರದಲ್ಲಿ ಲಕ್ಷಾಂತರ ಜನರ ನಡುವೆ ಮೂರು ದಿನ ಯಾರ ಜೊತೆಯೂ ಮಾತಾಡದೆ ಕಳೆದುಬಿಡಬಹುದು. ರಾಫ್ಟಿನಲ್ಲಿ ಆರು ಜನ ಅಪರಿಚಿತರ ಜೊತೆ ಹುಟ್ಟು ಹಾಕಿ, ಒಟ್ಟಿಗೆ ನೆನೆದು, ಒಬ್ಬರನ್ನು ನೀರಿನಿಂದ ಎಳೆದುಕೊಂಡ ಮೇಲೆ ಪರಿಚಯ ಮಾಡಿಕೊಳ್ಳುವುದು ಇನ್ನೇನು ಉಳಿದಿರುತ್ತದೆ? ಒಂಟಿಯಾಗಿ ಚಾರಣಕ್ಕೆ ಹೋಗುವುದು ಮಾತ್ರ ಬೇಡ. ಹೋಗಲೇಬೇಕಾದರೆ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಉಳಿದುಕೊಂಡ ಕಡೆ ಹೇಳಿ ಹೋಗಿ.

ವಿಶ್ರಾಂತಿಗೆ ಯಾವುದು ಒಳ್ಳೆಯದು?

ಎರಡೂ ಅಲ್ಲ. ವಿಶ್ರಾಂತಿ ಬೇಕಾದರೆ ಮೂರನೆಯ ಥರದ ಊರು ಹುಡುಕಿ.

ನೀವಾದರೆ ಯಾವುದಕ್ಕೆ ಹೋಗುತ್ತೀರಿ?

ನಾಲ್ಕು ದಿನ ಇದ್ದರೆ ನಗರಕ್ಕೆ, ಎಂಟು ದಿನ ಸಿಕ್ಕರೆ ಬೆಟ್ಟಕ್ಕೆ. ಹುಲ್ಲು ಕಿತ್ತು ನೋಡಿದ ಆ ಊರಿಗೆ ಮುಂದಿನ ವರ್ಷ ಮತ್ತೆ ಹೊರಟಿದ್ದೇನೆ. ಈ ಸಲ ಐದು ರಾತ್ರಿ.